ಮೆಟ್ಟಿಲ ಮೇಲೆ ಹದಿನೈದು ದಿನ

ಮೂವತ್ತೊಂದು ವರ್ಷ, ಮೂರು ಪಾಳಿ.
ನಿವೃತ್ತಿಯಾದ ಮೇಲೂ ಕೈ ಮಾತು ಕೇಳಲಿಲ್ಲ:
ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ
ಬಾಲ್ಕನಿಯ ಕುಂಡಗಳಿಗೆ ನೀರು,
ಮಾತ್ರೆ ಕೊಟ್ಟ ಹಾಗೆ, ಒಂದು ಹೊತ್ತೂ ತಪ್ಪದೆ.

ಮೊದಲು ಲೋಳೆಸರ ಕುಸಿಯಿತು.
ಆಮೇಲೆ ಆಂಥೂರಿಯಂ ಹಳದಿಗೆ ತಿರುಗಿತು.
ಬಾಯಾರಿಕೆ ಅಂದುಕೊಂಡು ಇನ್ನೊಂದು ಚೊಂಬು ಹೊಯ್ದೆ.
ಕುಂಡ ಬೋರಲು ಹಾಕಿದಾಗ ಬಂದ ವಾಸನೆ
ನನಗೆ ಹೊಸದಲ್ಲ.
ಬೇರು ಕಂದಾಗಿತ್ತು. ಹಿಡಿದೆಳೆದರೆ ಸಿಪ್ಪೆ ಜಾರಿ
ಒಳಗಿನ ನೂಲಷ್ಟೇ ಬೆರಳಲ್ಲಿ.
ರೋಗ ಆಮೇಲೆ ಬಂದದ್ದು.
ಮೊದಲು ಬಂದದ್ದು ನನ್ನ ಡ್ಯೂಟಿ.

ಕೊಳೆತದ್ದನ್ನು ಕತ್ತರಿಸಿದೆ.
ಪ್ರತಿ ಸಲವೂ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ,
ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.
ಗಾಯಕ್ಕೆ ಇದ್ದಿಲ ಪುಡಿ. ಮಣ್ಣಿಗೆ ಮರಳು, ತೆಂಗಿನ ನಾರು.
ತಳದ ತೂತಿನ ಮೇಲೊಂದು ಹೆಂಚಿನ ಚೂರು.
ಈಗ ಗಡಿಯಾರ ನೋಡುವುದಿಲ್ಲ,
ತೋರುಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸುತ್ತೇನೆ
ಹಣೆ ಮುಟ್ಟಿ ಜ್ವರ ನೋಡಿದ ಹಾಗೆ.
ಒದ್ದೆಯಿದ್ದರೆ, ಸಿಸ್ಟರ್ ಫಿಲೋಮಿನಾ,
ಚೊಂಬು ಕೆಳಗಿಡು.

*

ಪಕ್ಕದ ಲೈನ್‌ಮನ್ ಮನೆಯ ಇಂದ್ರಮ್ಮ
ಆಷಾಢದ ಸಂಜೆ ದಾಸವಾಳದ ಕಡ್ಡಿ ತಂದರು,
ಹಾಲಿನ ಪ್ಯಾಕೆಟ್ಟಿನಲ್ಲಿ ನೆಟ್ಟು, ನಾಕೆಲೆ ಚಿಗುರಿಸಿ.
‘ಕೆಂಪಲ್ಲ ಸಿಸ್ಟರ್, ಬೆಣ್ಣೆ ಬಣ್ಣದ್ದು.
ಇಡೀ ಹಾಸನದಲ್ಲಿ ಇನ್ನೊಬ್ಬರ ಹತ್ರ ಇಲ್ಲ.’
ತೊಟ್ಟಿನ ಸಂದಿಯಲ್ಲಿ
ಅಕ್ಕಿಹಿಟ್ಟಿನ ಒಂದು ಚಿಟಿಕೆ.
ನಾನು ನೋಡಿದೆ. ಅವರು ನೋಡಿರಲಿಲ್ಲ.
ಕಾಫಿ ಕೊಟ್ಟೆ. ಬಾಗಿಲವರೆಗೆ ಹೋಗಿ ಕಳಿಸಿಬಂದೆ.
ಆಮೇಲೆ ಕಡ್ಡಿಯನ್ನು ಮೆಟ್ಟಿಲ ಮೇಲಿಟ್ಟೆ,
ಚಪ್ಪಲಿ ಸ್ಟ್ಯಾಂಡಿನ ಪಕ್ಕ.
ಹದಿನೈದು ದಿನ. ಹೊಸಬರು ಯಾರೇ ಆಗಲಿ
ನೇರ ವಾರ್ಡಿಗೆ ಬಿಟ್ಟುಕೊಳ್ಳುವುದಿಲ್ಲ.

ಮೂರನೇ ದಿನ ಇಂದ್ರಮ್ಮ ಕಂಡರು.
ಚಪ್ಪಲಿ. ದಾಸವಾಳ.
ಏನೂ ಅನ್ನಲಿಲ್ಲ.
ಸಂಜೆಯಿಂದ ಎದುರಿನ ಕಿಟಕಿ ತೆರೆಯಲಿಲ್ಲ.
ದೇವರಿಗೇರುವ ಹೂವಿನ ಗಿಡ,
ಅದೂ ನಾನು, ಇಗರ್ಜಿಗೆ ಹೋಗುವವಳು.
ಬೀದಿಯಲ್ಲಿ ಅದಕ್ಕೆ ಎಷ್ಟು ಅರ್ಥ ಹುಟ್ಟಿದವೋ
ನನಗಂತೂ ತಿಳಿಸಿದವರಿಲ್ಲ.

ಕಡ್ಡಿಗೆ ಇರುವೆ ಸಾಲು ಹತ್ತುತ್ತಿತ್ತು.
ಹಿಟ್ಟು ತಿಗಣೆ ಒಸರುವ ಸಿಹಿ ನೆಕ್ಕಿ
ಕೂಲಿಗೆ ಕಾವಲು ನಿಲ್ಲುವ ಇರುವೆ,
ಮರಿಗಳನ್ನು ಗಿಡದಿಂದ ಗಿಡಕ್ಕೆ ಹೊತ್ತು ಸಾಗಿಸುವ ಇರುವೆ.
ಸಾಲು ಹಿಡಿದು ಹಿಂದಕ್ಕೆ ನೋಡಿದರೆ
ನಡುಗೋಡೆ ಹತ್ತಿ ಆಚೆ ಇಳಿದಿತ್ತು.

ಭಾನುವಾರ ಬಲಿಪೂಜೆ ಮುಗಿಸಿ ಬಂದವಳು
ಹತ್ತಿ, ಸ್ಪಿರಿಟ್ಟು,
ಕಟ್ಟಿನಕೆರೆ ಮಾರ್ಕೆಟ್ಟಿನ ಅಂಟುವಾಳ ಕಿವುಚಿದ ನೀರು,
ಅದಕ್ಕೊಂದು ಚಮಚ ಬೇವಿನೆಣ್ಣೆ,
ಎಲ್ಲ ಹಳೆಯ ಕಿಡ್ನಿ ಟ್ರೇನಲ್ಲಿ ಜೋಡಿಸಿ
ಅವರ ಬಾಗಿಲು ತಟ್ಟಿದೆ.
‘ತಾಯಿಗಿಡ ತೋರಿಸಿ’ ಅಂದೆ.

ನೀರಿನ ಟ್ಯಾಂಕಿನ ಹಿಂದೆ, ಗಾಳಿಯಿಲ್ಲದ ಮೂಲೆಯಲ್ಲಿ
ಕೊಂಬೆಕೊಂಬೆಗೂ ಬಿಳಿ ಅಂಟು, ಮುರುಟಿದ ಮೊಗ್ಗು.
‘ರಂಗೋಲಿ ಪುಡಿ ಹಾರಿದೆ ಅಂದ್ಕೊಂಡಿದ್ದೆ’
ಅಂದರು ಇಂದ್ರಮ್ಮ, ಸಣ್ಣಗೆ.

ಹತ್ತಿಯಲ್ಲಿ ಒಂದೊಂದೇ ಒರೆಸಿದೆವು.
ಅವರು ಎಡದ ಕೊಂಬೆ, ನಾನು ಬಲದ್ದು.
ಬಹಳ ಹೊತ್ತಿನ ಮೇಲೆ ಕೇಳಿದರು:
‘ಚಪ್ಪಲಿ ಹತ್ರವೇ ಯಾಕಿಟ್ರಿ?’
‘ಟಿಬಿ ವಾರ್ಡಿನ ಆರು ವರ್ಷ
ನಮ್ಮಮ್ಮ ನನ್ನನ್ನೂ ಅಲ್ಲೇ ನಿಲ್ಲಿಸ್ತಿದ್ದಳು,
ಬಿಸಿನೀರು ಕಾಯೋ ತನಕ.’
ಇಂದ್ರಮ್ಮ ಕೈ ನಿಲ್ಲಿಸಿದರು.
ಆಮೇಲೆ ಇನ್ನಷ್ಟು ಹತ್ತಿ ಕೇಳಿದರು.

ಎಣ್ಣೆ ನೀರು ಬಿಸಿಲಲ್ಲಿ ಬೇಡ, ಎಲೆ ಸುಡುತ್ತೆ;
ಸಂಜೆ, ಮಳೆ ಬಿಟ್ಟ ದಿನ, ಎಲೆಯ ಬೆನ್ನಿಗೆ.
ಏಳು ದಿನ ಬಿಟ್ಟು ಮತ್ತೆ.
ಮತ್ತೂ ಏಳು ದಿನ ಬಿಟ್ಟು ಮತ್ತೆ,
ಮೊಟ್ಟೆಗಳು ಮೊದಲ ಸಲಕ್ಕೆ ಸಾಯುವುದಿಲ್ಲ.
ಮನಸ್ತಾಪದ್ದೂ ಹೀಗೇ ಏನೋ, ಗೊತ್ತಿಲ್ಲ,
ನನ್ನ ಕೆಲಸ ಎಲೆಯದ್ದು.

ಹದಿನಾರನೇ ದಿನ ಕಡ್ಡಿಯನ್ನು ಒಳಗೆ ತಂದೆ.
ಎದುರಿನ ಕಿಟಕಿ ಅರ್ಧ ತೆರೆದಿದೆ.
ಹೂವು ಇನ್ನೂ ಬಿಟ್ಟಿಲ್ಲ.
ಬೆಣ್ಣೆ ಬಣ್ಣ ಅನ್ನುವುದಕ್ಕೆ
ಸದ್ಯಕ್ಕೆ ಇಂದ್ರಮ್ಮನ ಮಾತೊಂದೇ ಸಾಕ್ಷಿ.